ಬಳೆಗಾರ ಹಿಡಿದ ಕೈ

ಮಾರ್ಚ್ ೭, ೨೦೦೫. ರೋಣ

ಇವತ್ತು ತರಬೇತಿ ಶುರುವಾಯಿತು. ಶುರುವಾಗುವ ಮೊದಲೇ ನನ್ನ ತಲೆ ಕೆಟ್ಟಿತು.

ನಮ್ಮ ಸಂಸ್ಥೆಯ ಮುಖ್ಯಸ್ಥ ಬಸವಪ್ರಸಾದ ಸರ್ ದೀಪ ಹಚ್ಚಿ ಭಾಷಣ ಮಾಡಿದರು. "ನಮ್ಮ ಕಡೆ ಮೊದಲಿಂದ ಎಲ್ಲಾರೂ ಅಣ್ಣತಮ್ಮಂದಿರಂಗ ಇದ್ದೇವ್ರಿ. ಈಗ ಯಾರೋ ಹೊರಗಿನವರು ಬಂದು ಕೆಡಸಾಕ ಹತ್ಯಾರ." ಹುಡುಗರು ಚಪ್ಪಾಳೆ ಹೊಡೆದರು. ಗಜೇಂದ್ರಗಡದ ಪೇಟೆಯಲ್ಲಿ ಅಂಗಡಿ ಇರುವ ಮನೆತನ ಅವರದು. ಅಂಗಡಿಯ ಗಲ್ಲಾದ ಮೇಲೆ ಕೂತು ನೋಡಿದರೆ ಎಲ್ಲರೂ ಅಣ್ಣತಮ್ಮಂದಿರಾಗಿಯೇ ಕಾಣುತ್ತಾರೆ. ನನ್ನ ಅಪ್ಪ ಹೋಟೆಲ್ಲಿನ ಹೊರಗೆ ಗೋಡೆಯ ಗೂಡಿನಲ್ಲಿಟ್ಟ ಒಡಕು ಕಪ್ಪನ್ನು ತಾನೇ ತೊಳೆದುಕೊಂಡು ಚಹಾ ಕುಡಿಯುತ್ತಿದ್ದ. ಆ ಅಣ್ಣತಮ್ಮಂದಿರಲ್ಲಿ ಅವನು ಎಷ್ಟನೆಯವನೋ ಕೇಳಬೇಕೆನ್ನಿಸಿತು. ಉದ್ಘಾಟನೆಯ ದಿನವೇ ಜಗಳ ಬೇಡವೆಂದು ತುಟಿ ಕಚ್ಚಿಕೊಂಡೆ.

ಬಂದವರೆಲ್ಲ ತಮ್ಮ ತಮ್ಮ ಹಳ್ಳಿಗಳಲ್ಲಿ ಯುವಕ ಸಂಘ, ಯುವತಿ ಮಂಡಳ ನಡೆಸುವವರು. ಹೊಳೆಆಲೂರು, ಸವಡಿ, ಇಟಗಿ, ನರಗುಂದದ ಕಡೆಯವರೂ ಇದ್ದಾರೆ. ಜಾತಿಯ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ ಹೊಲಸು ಮಾತು ಹಬ್ಬಿದಾಗ ಊರಲ್ಲಿ ನಿಂತು ಅದಕ್ಕೆ ಎದುರು ಹೇಳುವುದು ಹೇಗೆಂದು ಇವರಿಗೆ ಕಲಿಸಬೇಕು. ಕಲಿಸುವವಳು ನಾನು. ಪಾಠಕ್ಕೆ ಸಾಮಾನು ಸಿದ್ಧವೇ ಇದೆ. ಕಳೆದ ತಿಂಗಳು ಗಜೇಂದ್ರಗಡದ ಸಂತೆಯಲ್ಲಿ ಯಾರೋ ಹೆಸರಿಲ್ಲದ ಕರಪತ್ರ ಹಂಚಿದ್ದಾರೆ. ಮುಸಲ್ಮಾನ ಬಳೆಗಾರರನ್ನು ಮನೆಯೊಳಗೆ ಬಿಡಬೇಡಿ, ನಮ್ಮ ಹೆಣ್ಣುಮಕ್ಕಳ ಕೈಯನ್ನು ಅವರ ಕೈಗೆ ಕೊಡಬೇಡಿ ಅಂತ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಬರೆದವನು ಸಿಕ್ಕಿದ್ದರೆ ಆ ಕಾಗದವನ್ನೇ ತಿನ್ನಿಸುತ್ತಿದ್ದೆ.

ಮಾರ್ಚ್ ೯

ಇವತ್ತಿನ ಪಾಠ ನನ್ನದೇ ಕಲ್ಪನೆ. ಒಬ್ಬರು ಕರಪತ್ರದ ಒಂದು ಸಾಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದಕ್ಕೆ ತಕ್ಷಣ ಉತ್ತರ ಕೊಡಬೇಕು. ಮುಚ್ಚಿಟ್ಟರೆ ಹುಣ್ಣು ಕೊಳೆಯುತ್ತದೆ, ಬಿಚ್ಚಿ ತೊಳೆಯಬೇಕು ಎಂದು ಹೇಳಿದೆ. ಹುಡುಗರಿಗೆ ಹುರುಪು ಬಂತು.

ಸವಡಿಯ ಯಾಸ್ಮಿನ ಮಾತ್ರ ಎದ್ದು ನಿಂತು ಕಾಗದವನ್ನು ಮಡಚಿಬಿಟ್ಟಳು. ಪಿಯುಸಿ ಮುಗಿಸಿದ ಹುಡುಗಿ, ಮೂರು ದಿನದಲ್ಲಿ ಬಾಯಿ ಬಿಟ್ಟಿದ್ದನ್ನು ನಾನು ನೋಡಿಲ್ಲ.

"ಅಕ್ಕೋರ, ಇದನ್ನ ನಾ ಓದಂಗಿಲ್ರಿ."

"ಯಾಕವಾ?"

"ನಮ್ಮ ಅಬ್ಬಾ ಬಳಿಗಾರ ಅದಾನ್ರಿ. ಅಬ್ಬಾಗ ಬೈದದ್ದನ್ನ ನಾನ ಹ್ಯಾಂಗ ಓದ್ಲಿ?"

"ಅದಕ್ಕ ನೀನ ಓದಬೇಕು," ಎಂದೆ. "ನೀ ಹೆದರಿದ್ರ ಬರದಾಂವ ಗೆದ್ದಂಗ."

ಓದಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬೆನ್ನು ತಟ್ಟಿ ಶಹಬ್ಬಾಸ್ ಎಂದೆ. ಇಂಥ ಮೆತ್ತಗಿನ ಹುಡುಗಿಯರನ್ನು ಗಟ್ಟಿ ಮಾಡದಿದ್ದರೆ ಈ ತರಬೇತಿ ಯಾತಕ್ಕೆ?

ಅವಳಪ್ಪ ಜಂಗ್ಲಿಸಾಬನನ್ನು ನಾನು ಬಲ್ಲೆ. ನನ್ನೂರು ಇಟಗಿಗೂ ಬರುತ್ತಿದ್ದ, ಹೆಗಲ ಮೇಲೆ ಬಳೆಯ ಮಲಾರ ಹೊತ್ತುಕೊಂಡು. ಊರೆಲ್ಲ ತಿರುಗಿ ಕಡೆಗೆ ನಮ್ಮ ಕೇರಿಗೆ ಬರುತ್ತಿದ್ದ. ಅಷ್ಟು ಹೊತ್ತಿಗೆ ಒಳ್ಳೆಯ ಬಣ್ಣದವೆಲ್ಲ ಮುಗಿದಿರುತ್ತಿದ್ದವು. ಮಗಳಿಗೆ ಇದನ್ನು ಹೇಳಲಿಲ್ಲ. ಹೇಳುವ ಮನಸ್ಸಾಗಿತ್ತು.

ಮಾರ್ಚ್ ೧೫

ತರಬೇತಿಯ ಕೊನೆಗೆ ಒಂದು ಊರಿನಲ್ಲಿ ಬಹಿರಂಗ ಕಾರ್ಯಕ್ರಮ ಆಗಬೇಕು. ಸವಡಿಯನ್ನು ಆರಿಸಿದೆ. ಅಪ್ಪಣೆ ಕೇಳಲು ಊರ ಹಿರಿಯ ಗುರುಸಂಗಪ್ಪನವರ ವಾಡೆಗೆ ಹೋಗಿದ್ದೆ. ದೊಡ್ಡ ಮಂದಿ. ಹೊಲ, ಎತ್ತು, ಟ್ರ್ಯಾಕ್ಟರ್ ಎಲ್ಲ ಇವೆ. ಯುಗಾದಿ ಮುಗಿದ ಮೇಲೆ ಮಗಳು ಅನ್ನಪೂರ್ಣೇಶ್ವರಿಯ ಮದುವೆ, ಗೋಡೆಗೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು.

ಹೆಂಡತಿ ರೇಣುಕವ್ವ ಬಹಳ ಅಕ್ಕರೆಯ ಹೆಂಗಸು. ಯಾವೂರು ಎಂದರು. ಇಟಗಿ ಎಂದೆ. "ಅಯ್ಯ, ಭೀಮಾಂಬಿಕಾ ತಾಯಿ ಊರವ್ರು!" ಎಂದು ಕೈಮುಗಿದರು. ನನಗಲ್ಲ, ನಮ್ಮೂರ ಗುಡಿಯ ತಾಯಿಗೆ. ಬೆಳ್ಳಿಯ ಹಾಗೆ ಹೊಳೆಯುವ ಕಪ್ಪಿನಲ್ಲಿ ಚಹಾ ಬಂತು. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು ಕುಡಿದೆ.

ಯಾರ ಪೈಕಿ ಎಂದು ಮುಂದೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕಾರ್ಯಕ್ರಮ ಆಗಬೇಕಿತ್ತು, ಅಷ್ಟೆ.

ಮಾರ್ಚ್ ೨೦

ಭರ್ಜರಿಯಾಯಿತು!

ಸವಡಿಯ ಅಗಸಿ ಬಾಗಿಲ ಮುಂದೆ ಮೈಕಿನ ಎರಡು ಹಾರ್ನ್ ಕಟ್ಟಿದ್ದೆವು. ಊರಿಗೆ ಊರೇ ಬಂದಿತ್ತು, ಬಾರದವರು ಮಾಳಿಗೆಯ ಮೇಲೆ ಕೂತು ಕೇಳಿದರು. ಯಾಸ್ಮಿನ ತನ್ನೂರಲ್ಲಿ ಓದುವುದಿಲ್ಲ ಎಂದು ಮತ್ತೆ ಅಳಲು ಶುರು ಮಾಡಿದ್ದಳು. "ಓದಾಕ ನೀನ, ಉತ್ತರ ಕೊಡಾಕ ನಾ. ಊರ ಎದುರಿಗೆ ತಲಿ ಎತ್ತಿ ನಿಲ್ಲು," ಎಂದು ಗದರಿಸಿ ನಿಲ್ಲಿಸಿದೆ. ಕರಪತ್ರದ ಒಂದೊಂದು ಸಾಲನ್ನೂ ಅವಳು ಓದಿದಳು. ಒಂದೊಂದಕ್ಕೂ ನಾನು ಗಂಟಲು ಹರಿಯುವ ಹಾಗೆ ಉತ್ತರ ಕೊಟ್ಟೆ. ಸಂವಿಧಾನ ಹೇಳಿದೆ, ವಚನ ಹೇಳಿದೆ, ಬರೆದವನ ಜನ್ಮ ಜಾಲಾಡಿದೆ. ಮಂದಿ ಒಂದು ಕೆಮ್ಮೂ ಇಲ್ಲದೆ ಕೇಳಿದರು.

ಬಸವಪ್ರಸಾದ ಸರ್ ಕೂಡ "ನಿಮ್ಮ ಧ್ವನಿಗೆ ಮೈಕೇ ಬ್ಯಾಡಾಗಿತ್ತು ಗಾಳೆವ್ವ" ಎಂದರು.

ಮಾರ್ಚ್ ೨೮

ಯಾಸ್ಮಿನ ಒಂದು ವಾರದಿಂದ ಸಂಸ್ಥೆಯ ಸಭೆಗೆ ಬಂದಿರಲಿಲ್ಲ. ಇವತ್ತು ಬಂದಳು. ಯಾಕೆ ಬರಲಿಲ್ಲ ಎಂದು ಬೈಯಲು ಬಾಯಿ ತೆರೆದೆ, ಅವಳೇ ಮೊದಲು ಹೇಳಿದಳು.

"ಅಬ್ಬಾನ್ನ ಯಾರೂ ಕರ್ಯಾಕ ಹತ್ತಿಲ್ರಿ. ನಿನ್ನೆ ದೊಡ್ಡ ಓಣ್ಯಾಗ 'ಬಳೀ...' ಅಂತ ಕೂಗಿಕೋಂತ ಹ್ವಾದ್ರ ಬಾಗಲಾ ಮುಚ್ಚಿದ್ರಂತ. ವಾಡೆದವರು ಮದಿವಿ ಬಳಿಗೆ ಬರಬ್ಯಾಡ ಅಂದಾರ. ಗದಗಿಂದ ತರಿಸಿ ಮನ್ಯಾನ ಹೆಣಮಕ್ಕಳ ಇಡ್ತಾರಂತ."

ಆ ವಾಡೆಯ ಹೆಣ್ಣುಮಕ್ಕಳಿಗೆ ಮದುವೆಯ ಬಳೆ ಇಡುವುದು ಜಂಗ್ಲಿಸಾಬನ ಮನೆತನದ ಪಾಲಿನದು. ರೇಣುಕವ್ವ ಸೊಸೆಯಾಗಿ ಬಂದಾಗ ಅವನಪ್ಪ ಇಟ್ಟಿದ್ದ. ವಾಡೆ ಬಿಟ್ಟರೆ ಊರು ಬಿಡುತ್ತದೆ, ಊರು ಬಿಟ್ಟರೆ ಸುತ್ತಲ ಹಳ್ಳಿಗಳು ಬಿಡುತ್ತವೆ. ಬಳೆ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಯಾಸ್ಮಿನಳ ಓದು ಅಲ್ಲಿಗೇ ನಿಂತಂತೆ. ಮುಂಬೈಗೆ ತನ್ನ ಅಣ್ಣನ ಹತ್ತಿರ ಹೋಗಿಬಿಡೋಣ ಎಂದು ಅವಳ ತಾಯಿ ಮೈಮುನಬಿ ಗಂಟು ಕಟ್ಟುವ ಮಾತಾಡುತ್ತಿದ್ದಾಳಂತೆ.

ಥೂ ಇವರ ಜನ್ಮಕ್ಕಿಷ್ಟು! ಅಷ್ಟು ಹೇಳಿದರೂ ತಲೆಗೆ ಹೋಗಲಿಲ್ಲವೇ? ಕಲ್ಲಿನ ಮುಂದೆ ಕೂಗಿದ್ದರೂ ಕರಗುತ್ತಿತ್ತು. ನಾಳೆ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ.

ಮಾರ್ಚ್ ೨೯

ಹೋದೆ. ಗುರುಸಂಗಪ್ಪ ಮನೆಯಲ್ಲಿರಲಿಲ್ಲ. ರೇಣುಕವ್ವ ಶ್ಯಾವಿಗೆ ಒಣಹಾಕುತ್ತಿದ್ದರು. ಕೇಳಿದೆ, ಮೆತ್ತಗೆ ಏನೂ ಕೇಳಲಿಲ್ಲ.

"ಆ ಹೊಲಸ ಚೀಟಿ ನಂಬಿ ಜಂಗ್ಲಿಸಾಬನ್ನ ಬಿಟ್ರೇನ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು.

"ಅಕ್ಕೋರ, ಆ ಚೀಟಿ ನಮ್ಮೂರಾಗ ಯಾರ ನೋಡಿದ್ರು ಹೇಳ್ರಿ? ಗಜೇಂದ್ರಗಡದ ಸಂತ್ಯಾಗ ಹಂಚಿದ್ದು ನಮಗೇನ ಗೊತ್ತಿತ್ತು? ನೀವ ಮೈಕಿನ್ಯಾಗ ಓದಿಸಿದ್ರಿ. ಅದೂ ಅವನ ಮಗಳ ಬಾಯಿಲೆ."

"ಉತ್ತರಾನೂ ಹೇಳಿದ್ವಲ್ರಿ! ಒಂದೊಂದಕ್ಕೂ!"

"ಹೇಳಿದ್ರಿ. ಖರೇ ಹೇಳ್ತೇನಿ, ಅದು ನನಗ ನೆನಪಿಲ್ಲ. ಭಾಳ ಉದ್ದ ಇತ್ತು. ಮತ್ತ ನೀವು ಭಾಳ ಸಿಟ್ಟೀಲೆ ಬೈಯಾಕ ಹತ್ತಿದ್ರಿ. ಆ ಚೀಟಿ ಮಾತು ನೋಡ್ರಿ, ಸಣ್ಣದು. ಕಿವ್ಯಾಗ ಕುಂತುಬಿಡ್ತು. ಈಗ ಅಂವ ಬಂದು ನನ್ನ ಮಗಳ ಕೈ ಹಿಡದ್ರ ನಾಕ ಮಂದಿ ಆ ಕೈನ ನೋಡ್ತಾರ. ಮೊದಲ ಯಾರೂ ನೋಡ್ತಿದ್ದಿಲ್ಲ. ಬೀಗರ ಕಿವಿಗೂ ಬಿದ್ದೈತಿ."

ಚಹಾ ತಂದರು. ಕುಡಿಯಲಿಲ್ಲ, ಎದ್ದು ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಕೆ ಸ್ವಲ್ಪ ಆಚೆ ಸರಿಯಿರಿ ಎಂದಿದ್ದಕ್ಕೆ ಅವಳ ಮೇಲೂ ಹರಿಹಾಯ್ದೆ.

ಮಾರ್ಚ್ ೩೦

ಕರಪತ್ರ ಸವಡಿಗೆ ಬಂದಿರಲಿಲ್ಲ. ನಾನು ಒಯ್ದೆ. ಬಾಡಿಗೆಯ ಹಾರ್ನ್ ಕಟ್ಟಿ, ಬಳೆಗಾರನ ಮಗಳ ಬಾಯಿಂದಲೇ ಊರಿಗೆ ಹಂಚಿದೆ. ಬರೆದವನಿಗೂ ಇಷ್ಟು ಚೆನ್ನಾಗಿ ಹಂಚಲು ಬರುತ್ತಿರಲಿಲ್ಲ.



ಏಪ್ರಿಲ್ ೪

ಬಸವಪ್ರಸಾದ ಸರ್ ಸವಡಿಯಲ್ಲೇ ಇನ್ನೊಂದು ಸಭೆ ಮಾಡೋಣ ಎಂದರು. ಸ್ವಾಮಿಗಳನ್ನೂ ಮೌಲ್ವಿಗಳನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ, ಪಾರಿವಾಳ ಹಾರಿಸಿ...

"ಸರ್, ದಯವಿಟ್ಟು ಮೈಕಿನ ಹೆಸರು ತೆಗೀಬ್ಯಾಡ್ರಿ," ಎಂದೆ.

"ಮತ್ತ ಏನ ಮಾಡೋಣಂತೀರಿ?"

"ಗೊತ್ತಿಲ್ರಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ನನ್ನ ಬಾಯಲ್ಲಿ ಈ ಮಾತು ಕೇಳಿರಲಿಲ್ಲವೇನೋ.

ಮಧ್ಯಾಹ್ನ ಯಾಸ್ಮಿನಳಿಗೆ ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ" ಎಂದು ಹೇಳಿಯಾಳೆಂದುಕೊಂಡಿದ್ದೆ. ಹೇಳಲಿಲ್ಲ. "ನಾ ಓದಂಗಿಲ್ಲ ಅಂತ ಎರಡ ಸಲ ಹೇಳಿದ್ದೆ," ಎಂದಳು. ಅವಳು ಹೇಳಿದ್ದು ಸರಿ.  ನಾನು ಏನೂ ಹೇಳಿಕೊಡಲಿಲ್ಲ.

ಏಪ್ರಿಲ್ ೧೦

ನಿನ್ನೆ ಯುಗಾದಿ. ಇವತ್ತು ಯಾಸ್ಮಿನಳ ಜೊತೆ ಸವಡಿಗೆ, ಅವಳ ಮನೆಗೆ ಹೋದೆ. ಜಂಗ್ಲಿಸಾಬ ಮಲಾರ ಬಿಚ್ಚಿ ಬಳೆಗಳ ಧೂಳು ಒರೆಸುತ್ತ ಕೂತಿದ್ದರು. ಮೈಮುನಬಿ ಬೇವುಬೆಲ್ಲ ಕೊಟ್ಟಳು, ಯಾರದೋ ಮನೆಯಿಂದ ಬಂದದ್ದು. ಬೇವುಬೆಲ್ಲ ಕಳಿಸುತ್ತಾರೆ, ಬಾಗಿಲು ತೆರೆಯುವುದಿಲ್ಲ!

ಹಳೆಯ ಪದ್ಧತಿ ತಪ್ಪಿಸಲು ಮನಸ್ಸು ಬಾರದೆ ವಾಡೆಯವರು ಆಳಿನ ಕೈಲಿ ಮಾತು ಕಳಿಸಿದ್ದರು. ಬಳೆ ಇಡಿಸುವ ದಿನ, ಮಂದಿ ಊಟಕ್ಕೆ ಕೂತ ಹೊತ್ತಿನಲ್ಲಿ ಹಿತ್ತಲ ಬಾಗಿಲಿಂದ ಬಂದು, ಮಗಳಿಗೆ ಬಳೆ ಇಟ್ಟು, ಯಾರಿಗೂ ಕಾಣದ ಹಾಗೆ ಹೋಗು ಅಂತ. ಜಂಗ್ಲಿಸಾಬ ಒಪ್ಪಿಕೊಳ್ಳುವ ವಿಚಾರದಲ್ಲಿದ್ದರು.

ನನಗೆ ತಡೆಯಲಾಗಲಿಲ್ಲ. "ಕಳ್ಳರಂಗ ಹಿತ್ತಲ ಬಾಗಲಲೆ ಹೊಕ್ಕೀರಿ? ನಾಚಿಕಿ ಬರಂಗಿಲ್ಲ?"

ಅವರು ಬಳೆ ಕೆಳಗಿಟ್ಟರು. "ಅಕ್ಕೋರ, ಮೈಕಿನ್ಯಾಗ ಕೂಗಿ ನೀವು ರೋಣಕ್ಕ ಹೋದ್ರಿ. ನಾ ಇಲ್ಲೇ ಇರಬೇಕು. ನನಗ ನಾಚಿಕಿ ಕಲಸಾಕ ಬಂದೀರಿ?"

"ಇಟಗಿ ಕೇರಿಗೆ ಕಡೀಕ ಬರ್ತಿದ್ದಾಗೂ ನಿಮಗ ನಾಚಿಕಿ ಇದ್ದಿಲ್ಲ!"

ಬಾಯಿಂದ ಬಂದೇಬಿಟ್ಟಿತು. ಜಂಗ್ಲಿಸಾಬ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ಕೇರ್ಯಾಕಿಯೇನವಾ?"

"ಮಾದರ ದುರಗಪ್ಪನ ಮಗಳು."

"ದುರಗಪ್ಪನ..." ಎಂದು ಧೂಳು ಒರೆಸುವ ಅರಿವೆಯನ್ನು ಮಡಚಿಟ್ಟರು. "ನಿಮ್ಮ ಕೇರಿಗೆ ಮೊದಲ ಹೊಕ್ಕರ ಆ ಕೈಲೆ ನಮ್ಮನ್ನ ಮುಟ್ಟಬ್ಯಾಡ ಅಂತಿದ್ರು ದೊಡ್ಡ ಮನಿಯವ್ರು. ಕೇರ್ಯಾಗ ಬಳಿ ಇಟ್ಟ ದಿನ ಕೈ ತೊಳದು ಮತ್ತ ಮನಿಗೇ ಬರಬೇಕು, ಬ್ಯಾರೆ ಎಲ್ಲೂ ಹೋಗಂಗಿಲ್ಲ. ಹೌದವಾ, ನಾ ನನ್ನ ಹೊಟ್ಟಿ ನೋಡಿದೆ. ಈಗೂ ಹೊಟ್ಟೀನ ನೋಡಾಕ ಹತ್ತೇನಿ."

 ಸಿಟ್ಟು ಇತ್ತು, ಆದರೆ ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಆಗ ಯಾಸ್ಮಿನ ಮಲಾರವನ್ನು ಎತ್ತಿ ಒಳಗಿಟ್ಟು, ಬಾಗಿಲಿಗೆ ಅಡ್ಡ ಕೂತಳು.

"ಅಬ್ಬಾ, ಹಿತ್ತಲಿಂದ ಹ್ವಾದ್ರ ಆ ಚೀಟಿ ಖರೇ ಅಂತ ನೀನ ಒಪ್ಪಿಕೊಂಡಂಗ. ನಾ ಓದಿದ್ದು ಸಾಕು."

ಜಂಗ್ಲಿಸಾಬ ಮಗಳ ಮುಖವನ್ನು ನೋಡಿದರು. ವಾಡೆಯ ಆಳು ಉತ್ತರಕ್ಕಾಗಿ ಹೊರಗೇ ನಿಂತಿದ್ದ. ಇವರು ಎದ್ದು ಹೋಗಿ ಹೇಳಿದರು, "ನಾ ಬರಂಗಿಲ್ಲಂತ ಹೇಳಪ್ಪಾ. ಬಳಿ ಬೇಕಾದವರು ನನ್ನ ಮನಿಗೆ ಬರ್ಲಿ. ನನ್ನ ಮನಿಗೆ ಇರೂದು ಒಂದ ಬಾಗಲಾ, ಅದೂ ಓಣಿ ಕಡೀಗೆ ಐತಿ."

 ಮೈಮುನಬಿ ಗಂಡನಿಗೂ ಮಗಳಿಗೂ ನನಗೂ ಸೇರಿಸಿ ಬೈದಳು. ಬೈಸಿಕೊಂಡೆ.

ಏಪ್ರಿಲ್ ೧೪

ಸವಡಿ ಕೇರಿಯಲ್ಲಿ ಅಂಬೇಡ್ಕರ್ ಜಯಂತಿ. ಫೋಟೊ ಮೆರವಣಿಗೆ ಮುಗಿದ ಮೇಲೆ ಯಾಸ್ಮಿನ, ನಾನು ಹೆಂಗಸರ ನಡುವೆ ಕೂತೆವು. ಭಾಷಣವಿಲ್ಲ. ನಿಮಗೆ ಬಳೆ ಯಾರು ಇಡುತ್ತಾರೆ ಎಂದಷ್ಟೇ ಯಾಸ್ಮಿನ ಕೇಳಿದಳು. ಕೇಳಿದ್ದೇ ತಡ, ಒಡ್ಡು ಒಡೆದ ಹಾಗೆ ಮಾತು ಬಂತು.

"ನಿಮ್ಮಪ್ಪ ಕಡೀಕ ಬರ್ತಾನ ಕಡೀಕ! ನನ್ನ ಮದಿವ್ಯಾಗ ಹಸರ ಬಳಿ ಕೂಡಲಿಲ್ಲ, ಅರ್ಧಾ ಕೆಂಪು ಇಡಿಸ್ಕೊಂಡೆ," ಎಂದು ಒಬ್ಬ ಮುದುಕಿ ಕೈ ಚಾಚಿ ತೋರಿಸಿದಳು. ಈಗಲೇ ಆಗಿಹೋದ ಹಾಗೆ ಸಿಟ್ಟಾಗಿದ್ದಳು. ಯಾಸ್ಮಿನ ತಲೆ ತಗ್ಗಿಸಿ ಕೇಳಿದಳು, ಎದುರು ಒಂದು ಮಾತೂ ಆಡಲಿಲ್ಲ. ನಾನಾಗಿದ್ದರೆ ನಡುವೆ ಬಾಯಿ ಹಾಕುತ್ತಿದ್ದೆ.

ಎಲ್ಲ ಮುಗಿದ ಮೇಲೆ ಹೇಳಿದಳು, "ಈಗ ಅಬ್ಬಾನ ಮಲಾರ ತುಂಬಿದ್ದು ತುಂಬಿದಂಗ ಐತಿ. ಮದಿವಿ ಹಸರ ಬಳಿ ಎಲ್ಲಾ ಅದಾವು. ಯಾರೂ ಮುಟ್ಟಿಲ್ಲ."

ಮುದುಕಿ ಸ್ವಲ್ಪ ವಿಚಾರ ಮಾಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. "ಹಂಗಾರ ಈ ಸಲ ಮೊದಲ ನಾವ ಆರಸೂದು!" ಮೊಮ್ಮಗಳ ಮದುವೆಯಂತೆ ಅವಳಿಗೂ.

ಏಪ್ರಿಲ್ ೨೧

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಗ್ಗೆಯೇ ಕೇರಿಯ ಹೆಂಗಸರು ಜಂಗ್ಲಿಸಾಬ ಕಾಕಾನ ಮನೆಗೆ ಬಂದರು. ದೊಡ್ಡ ಓಣಿಯನ್ನು ಹಾದು, ಹಗಲು ಹೊತ್ತಿನಲ್ಲಿ, ಗಲಗಲ ಮಾತಾಡುತ್ತ ಬಂದರು. ಮೈಮುನಬಿ ಚಾಪೆ ಹಾಸಿದಳು. ಮುದುಕಿ ಎಲ್ಲ ಬಣ್ಣವನ್ನೂ ಬಿಚ್ಚಿಸಿ, ಎಲ್ಲಕ್ಕೂ ಹೆಸರಿಟ್ಟು, ಕಡೆಗೆ ಮೊದಲು ತೆಗೆದಿದ್ದ ಹಸಿರನ್ನೇ ಆರಿಸಿದಳು. ಕಾಕಾ ಒಬ್ಬೊಬ್ಬರ ಹೆಬ್ಬೆರಳಿನ ಬುಡವನ್ನು ಒತ್ತಿ ಬಳೆ ಏರಿಸುತ್ತಿದ್ದರು. "ನೀನೂ ಕೂಡವಾ, ಗಡಿಯಾರದ ಕೈಯಾಕಿ," ಎಂದು ಹೆಂಗಸರು ನನ್ನನ್ನು ನೂಕಿದರು. ಬೇಡ ಬೇಡ ಎನ್ನುತ್ತ ಕೂತೆ. ಕಾಕಾ ನನ್ನ ಕೈ ಹಿಡಿದು ಒಂದೊಂದೇ ಬಳೆ ಏರಿಸತೊಡಗಿದರು.

ಆಗ ಬಾಗಿಲಲ್ಲಿ ರೇಣುಕವ್ವ, ಅನ್ನಪೂರ್ಣೇಶ್ವರಿ.

ಹುಡುಗಿಯ ಬಲಗೈಗೆ ಅರಿವೆ ಸುತ್ತಿತ್ತು. ಗದಗಿನಿಂದ ತಂದ ಬಳೆಯನ್ನು ಮನೆಯ ಹೆಂಗಸರೇ ಇಡಲು ಹೋಗಿ, ಅದು ಚೂರಾಗಿ ಗಾಯವಾಗಿತ್ತು. ಬರುವ ಆದಿತ್ಯವಾರ ಮದುವೆ, ಮದುಮಗಳ ಕೈಯಲ್ಲಿ ಬಳೆ ಒಡೆದು ರಕ್ತ ಬಂದಿದೆ. ರೇಣುಕವ್ವನ ಮುಖ ಹೆದರಿಕೆಯಿಂದ ಬೆಳ್ಳಗಾಗಿತ್ತು. ಒಳ್ಳೆಯ ಮನಸ್ಸು ಬಂದು ಬಂದವರಲ್ಲ, ಅಪಶಕುನಕ್ಕೆ ಹೆದರಿ ಬಂದವರು. ನಾನು ಅದನ್ನು ಮರೆಯುವುದಿಲ್ಲ.

ಅವರನ್ನು ಕಂಡದ್ದೇ ಕೇರಿಯ ಹೆಂಗಸರು ಚಾಪೆ ಬಿಟ್ಟು ಗೋಡೆಯ ಕಡೆ ಸರಿಯತೊಡಗಿದರು. ಯಾರೂ ಹೇಳಿರಲಿಲ್ಲ, ಕಾಲು ತಾವೇ ಸರಿದವು. ನನಗೆ ಎಲ್ಲಿತ್ತೋ ಸಿಟ್ಟು.

"ಯಾರೂ ಸರೀಬ್ಯಾಡ್ರಿ! ಪಾಳಿ ಐತಿ. ಅವರೂ ಕೂಡ್ಲಿ."

ಮುದುಕಿ ಮೊಮ್ಮಗಳ ಕೈ ಹಿಡಿದು ಇದ್ದಲ್ಲೇ ಕೂತಳು. ಅನ್ನಪೂರ್ಣೇಶ್ವರಿ ಚಾಪೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ನನ್ನ ಪಕ್ಕದಲ್ಲಿ ಬಂದು ಕೂತಳು. ರೇಣುಕವ್ವ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತರು.

ನನ್ನದು ಮುಗಿದು ಅನ್ನಪೂರ್ಣೇಶ್ವರಿಯ ಪಾಳಿ ಬಂದಾಗ ಕಾಕಾನ ಕೈ ನೀರಿನ ತಂಬಿಗೆಯ ಕಡೆ ಹೋಯಿತು. ವಾಡೆಯವರ ಮುಂದೆ ಕೈ ತೊಳೆದುಕೊಳ್ಳಲು! ಯಾಸ್ಮಿನ ತಂಬಿಗೆಯನ್ನು ಎತ್ತಿ ಹಿಂದೆ ಇಟ್ಟುಬಿಟ್ಟಳು. ಮನೆಯಲ್ಲಿ ಎಲ್ಲರೂ ಅದನ್ನು ನೋಡಿದೆವು.

ರೇಣುಕವ್ವ ದೊಡ್ಡ ಮನಸ್ಸು ಮಾಡಿ ನಕ್ಕರು. "ಇರ್ಲಿ ಬಿಡೋ ಜಂಗ್ಲಿಸಾಬ. ಹಿಂದಿನ ಕೈ ಯಾರದಿತ್ತಂತ ನಾ ಕೇಳಂಗಿಲ್ಲ."

ಪ್ರೀತಿಯಿಂದಲೇ ಹೇಳಿದರು. ನನಗೆ ಚುರ್ ಎಂದಿತು.

"ಕೇಳ್ರಿ," ಎಂದೆ. ಕೂಗಲಿಲ್ಲ. "ನನ್ನದು. ಇಟಗಿ ಮಾದರ ದುರಗಪ್ಪನ ಮಗಳು ಗಾಳೆವ್ವನದು. ನಿಮ್ಮ ಪಡಸಾಲ್ಯಾಗ ಕುಂತು ಚಹಾ ಕುಡದಾಕಿನೂ ನಾನ. ಅವತ್ತ ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

 ರೇಣುಕವ್ವ ನನ್ನನ್ನು ನೋಡುತ್ತ ನೋಡುತ್ತ ಎದ್ದರು. "ಏಳ ಅನ್ನಪೂರ್ಣಾ," ಎಂದರು.

ಅನ್ನಪೂರ್ಣೇಶ್ವರಿ ಏಳಲಿಲ್ಲ. ಅರಿವೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯನ್ನು ಮುಂದೆ ಚಾಚಿದಳು. "ಇದಕ್ಕ ಮೊದಲ ಹಾಕ್ರಿ ಕಾಕಾ. ಅದು ಇನ್ನೂ ಉರ್ಯಾಕ ಹತ್ತೈತಿ."

ರೇಣುಕವ್ವ ಹೊರಗೆ ಹೋದರು. ಮನೆಗೆ ಹೋದರೆಂದುಕೊಂಡೆವು. ಇಲ್ಲ, ಮುಂದಿನ ಕಟ್ಟೆಯ ಮೇಲೆ, ಓಣಿಗೆ ಬೆನ್ನು ಮಾಡಿ ಕೂತಿದ್ದರು. ಓಣಿಯಲ್ಲಿ ಹೋಗುವವರೆಲ್ಲ ನೋಡಿಕೊಂಡೇ ಹೋಗುತ್ತಿದ್ದರು.

ಕಾಕಾ ಕೈ ತೊಳೆಯಲಿಲ್ಲ. ಅದೇ ಕೈಯಿಂದ ಹುಡುಗಿಯ ಕೈ ಹಿಡಿದು, ಮೆಲ್ಲಗೆ ಒತ್ತಿ, ಒಂದೂ ಒಡೆಯದ ಹಾಗೆ ಏರಿಸತೊಡಗಿದರು. ಮುದುಕಿ ಕಣ್ಣು ಕಿಸಿದು ನೋಡುತ್ತಿದ್ದಳು.

ಹೊರಗಿನಿಂದ ಧ್ವನಿ ಬಂತು. "ಹಸರವ ಹಾಕಾಕ ಹತ್ತಿಯಿಲ್ಲೋ ಜಂಗ್ಲಿಸಾಬ?"

ಕಾಕಾ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿದೆ, "ಒಳಗ ಬಂದು ನೋಡ್ರಿ."

ಕಾಕಾ ಇನ್ನೆರಡು ಬಳೆ ಏರಿಸಿದರು. ಆಮೇಲೆ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಸಪ್ಪಳ ಕೇಳಿತು.